ಬೀಜದವ್ವನ ಕೈಗುಣ

ಇದನ್ನು ಹೇಳುವುದನ್ನು ನಾನು ಬಹಳ ವರ್ಷ ಮುಂದೂಡಿದೆ. ಅಪ್ಪ ಇರುವವರೆಗೆ ಬೇಡ ಎಂದುಕೊಂಡೆ. ಆಮೇಲೆ ಅವ್ವ ಇರುವವರೆಗೆ ಬೇಡ ಎಂದುಕೊಂಡೆ. ಅವರಿಬ್ಬರೂ ಹೋದ ಮೇಲೆ, ಇನ್ನು ಹೇಳಿದರೂ ಕೇಳುವವರು ಯಾರು ಎಂಬ ನೆಪ ಸಿಕ್ಕಿತು. ಹೆಂಡತಿಗೂ ಹೇಳಲಿಲ್ಲ. ಈಗ ಎಂಬತ್ತು ದಾಟಿದೆ. ಒಂದು ಹೂವಿನ ಬಳ್ಳಿಯ ವಿಷಯಕ್ಕೆ ಮುದುಕ ಇಷ್ಟೊಂದು ಪೀಠಿಕೆ ಹಾಕುತ್ತಾನಲ್ಲ ಎಂದು ನಿಮಗೆ ಅನ್ನಿಸಬಹುದು. ಅನ್ನಿಸಲಿ.

ಆಗ ಬಳ್ಳಾರಿ ಇನ್ನೂ ಮದ್ರಾಸಿಗೆ ಸೇರಿತ್ತು. ಬಿಳಿಯರು ಹೋಗಿ ಎರಡು ಮೂರು ವರ್ಷವಾಗಿತ್ತು. ಸತ್ಯನಾರಾಯಣಪೇಟೆಯಲ್ಲಿ ನಮ್ಮದು ಬಾಡಿಗೆ ಮನೆ. ಮುಂದೆ ಕಟ್ಟೆ, ಒಳಗೆ ಎರಡು ಕೋಣೆ, ಹಿಂದೆ ಮನೆಯಷ್ಟೇ ದೊಡ್ಡ ಹಿತ್ತಲು, ಅಲ್ಲೊಂದು ಸೇದುವ ಬಾವಿ. ಆ ಊರಿನ ಬಿಸಿಲು ಕಂಡವರಿಗೇ ಗೊತ್ತು. ಶಿವರಾತ್ರಿ ಕಳೆಯಿತೆಂದರೆ ಊರ ನಡುವಿನ ಬಂಡೆಗುಡ್ಡ ಹಗಲೆಲ್ಲ ಕಾದು, ಸಂಜೆ ಆ ಕಾವನ್ನು ನಮ್ಮ ಮೇಲೆ ಬಿಡುತ್ತಿತ್ತು. ಹೊಸ್ತಿಲು ಸುಡುತ್ತಿತ್ತು, ಕೊಡದ ನೀರು ಸುಡುತ್ತಿತ್ತು. ನಡುವೆ ಎರಡು ಎರಡೂವರೆ ತಿಂಗಳು ಮಾತ್ರ ಬೆಳಗಿನ ಹೊತ್ತು ಕಂಬಳಿ ಬೇಕೆನ್ನಿಸುವಷ್ಟು ಚಳಿ. ಇದು ಶುರುವಾದದ್ದು ಅಂಥ ಒಂದು ಚಳಿಗಾಲದ ಹೊತ್ತಿಗೆ. ನನಗೆ ಆಗ ಹನ್ನೊಂದು ವರ್ಷ.

ನಮ್ಮ ಬೀದಿಯ ಕೊನೆಯಲ್ಲಿ ಒಂದು ಹಳೆಯ ಗೋಡೆಗೆ ತಗಡು ಇಳಿಬಿಟ್ಟುಕೊಂಡು ಒಬ್ಬ ಹೆಂಗಸು ಇದ್ದಳು. ಎಲ್ಲರೂ ಆಕೆಯನ್ನು ಬೀಜದವ್ವ ಎನ್ನುತ್ತಿದ್ದರು. ಗಂಡ ಕಂಟೋನ್ಮೆಂಟಿನ ಬಂಗಲೆಯೊಂದರಲ್ಲಿ ಮಾಲಿಯಾಗಿದ್ದ. ಬಂಗಲೆಯ ಹಿಂದೆ, ಬೇವಿನ ಮರದ ಕೆಳಗೆ ಅವರಿಗೊಂದು ಕೋಣೆ ಕೊಟ್ಟಿದ್ದರಂತೆ. ಗಂಡ ಸತ್ತ, ದೊರೆಗಳು ಹೋದರು, ಕೋಣೆ ಹೋಯಿತು. ಬೆಳಿಗ್ಗೆ ಬುಟ್ಟಿಯಲ್ಲಿ ಪುಂಡಿಸೊಪ್ಪು, ರಾಜಗಿರಿ ತಂದು ಮಾರುತ್ತಿದ್ದಳು.

ಆದರೆ ಬೀದಿಗೆ ಆಕೆ ಬೇಕಾಗಿದ್ದದ್ದು ಬೇರೆ ಕಾರಣಕ್ಕೆ. ಆಕೆಯ ಕೈಗುಣ ಒಳ್ಳೆಯದು ಎಂದು ಎಲ್ಲರ ನಂಬಿಕೆ. ಹೀರೆ, ಕುಂಬಳ, ಚಪ್ಪರದವರೆ, ಯಾವುದೇ ಇರಲಿ, ಮೊದಲ ಬೀಜ ಬೀಜದವ್ವ ಊರಬೇಕು. ಕರಿಬೇವಿನ ಸಸಿಗೆ ಮೊದಲ ಮಣ್ಣು ಆಕೆಯೇ ಎಳೆಯಬೇಕು. ಮದುವೆ ಮನೆಯ ಮುಂಬಾಗಿಲಿಗೆ ಆಕೆ ಬಂದರೆ ಮುಖ ತಿರುಗಿಸುತ್ತಿದ್ದ ಅದೇ ಹೆಂಗಸರು, ಮಳೆ ಬಿದ್ದ ಮರುದಿನ ಹಿತ್ತಲ ಬಾಗಿಲು ತೆಗೆದು, "ಬೀಜದವ್ವಾ, ಒಂದೀಟು ಬಂದು ಹೋಗವಾ" ಎಂದು ಕರೆಯುತ್ತಿದ್ದರು. ಆಕೆ ಸೆರಗಿಗೆ ಕೈ ಒರೆಸಿಕೊಂಡು ಬರುತ್ತಿದ್ದಳು. ಬೀಜ ಊರುವ ಮೊದಲು ಅದನ್ನು ಮುಷ್ಟಿಯಲ್ಲಿ ಹಿಡಿದು ಸ್ವಲ್ಪ ಹೊತ್ತು ಸುಮ್ಮನೆ ಕೂರುತ್ತಿದ್ದಳು. ಏನು ಮಾಡುತ್ತೀ ಎಂದು ನಾನೊಮ್ಮೆ ಕೇಳಿದ್ದೆ.

"ಬೆಚ್ಚಗ ಮಾಡ್ತೀನಿ ನಾಯನಾ. ತಣ್ಣನ ಕೈಲೆ ಹಾಕಿದ್ರ ಅದಕ್ಕ ಅಂಜಿಕಿ ಆಗ್ತತಿ" ಎಂದಳು. ಸಿರುಗುಪ್ಪದ ಆಚೆ ರಾರಾವಿ ಕಡೆಯವಳು, ತೆಲುಗು ಬಳಕೆ ಹೆಚ್ಚು. ಚಿಕ್ಕ ಹುಡುಗರನ್ನೆಲ್ಲ ನಾಯನಾ ಎಂದೇ ಕರೆಯುತ್ತಿದ್ದಳು.

ಅಪ್ಪ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಆ ವರ್ಷ ದಸರಾ ಹೊತ್ತಿಗೆ ಮದ್ರಾಸಿನಿಂದ ಹೊಸ ಸಾಹೇಬರು ಬಂದರು. ಅವರಿಗೆ ಕೊಟ್ಟದ್ದು ಅದೇ ಬಂಗಲೆ. ಅವರ ಹೆಂಡತಿ ಉದಕಮಂಡಲದಲ್ಲಿ ಓದಿದವರು. ಅಲ್ಲಿನ ಸ್ವೀಟ್ ಪೀ ಹೂವೆಂದರೆ ಅವರಿಗೆ ಪ್ರಾಣವಂತೆ. ಈ ಕಾದ ಬಾಣಲೆಯಂಥ ಊರಿನಲ್ಲಿ ಅದನ್ನು ಬೆಳೆಸುವವರು ಯಾರಾದರೂ ಇದ್ದರೆ ಅವರನ್ನೇ ಮಾಲಿಯಾಗಿ ಇಟ್ಟುಕೊಳ್ಳುತ್ತೇನೆ ಎಂದಿದ್ದರು. ಹಿಂದಿನ ಊರಿನಲ್ಲಿ ಒಬ್ಬ ಮಾಲಿ ಎಲ್ಲಿಂದಲೋ ಹೂ ತರಿಸಿ ತಾನೇ ಬೆಳೆದೆನೆಂದು ಮೋಸ ಮಾಡಿದ್ದನಂತೆ. ಆದ್ದರಿಂದ ಬಳ್ಳಿಯ ಮೇಲಿನ ಹೂವನ್ನು ತಾವೇ ಬಂದು ನೋಡಬೇಕು ಎಂದು ಅವರ ಹಟ.

ಅಪ್ಪ ಸಂಜೆ ಕೋಟು ಬಿಚ್ಚುವ ಮೊದಲೇ ಬೀಜದವ್ವನನ್ನು ಕರೆಸಿದ.

"ಆ ಇಂಗ್ಲಿಷ್ ಬಟಾಣಿ ಹೂವು ನಿನ್ನ ಗಂಡ ಬೆಳಸ್ತಿದ್ದ ಅಲ್ಲೇನು?"

"ಅವರೇನು ಬೆಳಸ್ತಿದ್ರು ಅಪ್ಪಾರ, ಅವರು ಗುಂಡಿ ತೋಡ್ತಿದ್ರು. ಬೀಜ ನಾನಽ ಹಾಕ್ತಿದ್ದೆ."

"ಬೀಜ ಅದಾವೇನು?"

ಆಕೆ ಹೋಗಿ ಒಂದು ಸಣ್ಣ ಬಿಸ್ಕತ್ತಿನ ಡಬ್ಬಿ ತಂದಳು. ಹೋಗುವಾಗ ದೊರೆಸಾನಿ ಕೊಟ್ಟು ಹೋದದ್ದಂತೆ. ಒಳಗೆ ಬೂದಿಯಲ್ಲಿ ಹೊರಳಿಸಿಟ್ಟ ಬೀಜ. ದುಂಡಗೆ, ಕಂದು ಬಣ್ಣ, ಸೀಸದ ಗುಂಡಿನಂತೆ ಗಟ್ಟಿ.

"ಈಕಿ ಕೈ ಹಾಕಿದ್ರ ಬಂಡೆಗಲ್ಲ ಮ್ಯಾಲೂ ಹುಟ್ಟತತಿ ಅಂತ ಸಾಹೇಬರ ಮುಂದ ಹೇಳಿ ಬಂದೀನಿ. ನನ್ನ ಮರ್ಯಾದಿ ಉಳಸು ಬೀಜದವ್ವಾ. ಹೂ ಬಂದ್ರ ಆ ಕೋಣಿ ನಿನಗಽ."

ಆಕೆ ಡಬ್ಬಿಯ ಬೀಜಗಳನ್ನು ಬೆರಳಲ್ಲಿ ಹೊರಳಿಸುತ್ತ ಕೂತಳು. ಕೊನೆಗೆ, "ಬೇವಿನ ಗಿಡ ಐತೇನ್ರಿ ಇನ್ನಾ, ಕಡದಾರೋ?" ಎಂದು ಕೇಳಿದಳು.

"ಐತಿ."

"ಹಂಗಾರ ಹಾಕ್ತೀನಿ."

ಆಕೆಗೆ ನೆಲವಿರಲಿಲ್ಲ, ನೀರಿರಲಿಲ್ಲ. ನಮ್ಮ ಹಿತ್ತಲಲ್ಲೇ ಹಾಕುವುದೆಂದಾಯಿತು. ಬೆಳಗಿನ ಬಿಸಿಲು ಬಿದ್ದು ಮಧ್ಯಾಹ್ನ ನೆರಳಾಗುವ ಜಾಗ ಹುಡುಕಲು ಆಕೆ ಒಂದು ಇಡೀ ದಿನ ಹಿತ್ತಲಲ್ಲಿ ಕೂತು ನೆರಳನ್ನೇ ನೋಡಿದಳು. ಪಕ್ಕದ ಮನೆಯ ಎತ್ತರದ ಗೋಡೆಯ ಬುಡವನ್ನು ಗೊತ್ತು ಮಾಡಿದಳು. ಮೊಣಕಾಲುದ್ದ ಕಾಲುವೆ ತೋಡಿದೆವು. ಎರೆಮಣ್ಣಿಗೆ ಹಗರಿ ಹೊಳೆಯ ಮರಳು, ಹಳೆಯ ಸೆಗಣಿಗೊಬ್ಬರ, ಒಲೆಯ ಬೂದಿ ಬೆರೆಸಿ ತುಂಬಿದೆವು. ಬೀಜವನ್ನು ಒಂದೊಂದಾಗಿ ಬಾವಿಕಟ್ಟೆಯ ಕಲ್ಲಿಗೆ ಉಜ್ಜಿ ಸಿಪ್ಪೆಯನ್ನು ತುಸು ಸವೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟಳು. ಕಣ್ಣಿನ ಕಡೆ ಉಜ್ಜಬಾರದು, ಬೆನ್ನಿನ ಕಡೆ ಉಜ್ಜಬೇಕು. ಅದನ್ನು ನನಗೆ ಕಲಿಸಿದಳು. ನನ್ನ ಬೆರಳ ತುದಿ ಸವೆದು ಉರಿಯುತ್ತಿತ್ತು.

"ಬಟಾಣಿ ಅಂತ ಬಾಯಿಗೆ ಹಾಕ್ಕೊಂಡೀಯ ಮತ್ತ. ಕಾಲು ಬಿದ್ದು ಹೋಗ್ತಾವ" ಎಂದು ಹೆದರಿಸಿದಳು.

ಮೊಳಕೆ ಬಂತು. ಗುಬ್ಬಿ, ಅಳಿಲು ಬಾರದಂತೆ ಜಾಲಿಮುಳ್ಳು ಹೊದಿಸಿದೆವು. ನಾಲ್ಕನೆಯ ಎಲೆ ಬಂದಾಗ ಆಕೆ ಕುಡಿ ಚಿವುಟಿದಳು, ನಮ್ಮ ಕಡೆ ಹೊಲದಲ್ಲಿ ಕಡಲೆಯ ಕುಡಿ ಚಿವುಟುವ ಹಾಗೆಯೇ. ಹತ್ತಿಯ ಒಣ ಕಟ್ಟಿಗೆ ನೆಟ್ಟು ಹುರಿ ಕಟ್ಟಿದಳು. ಬುಡಕ್ಕೆ ಹುಲ್ಲು ಹೊದಿಸಿ, ಸೂರ್ಯ ಏಳುವ ಮುಂಚೆ ನೀರು, ಅದೂ ಬುಡಕ್ಕೆ ಮಾತ್ರ. ಬಾವಿಯ ನೀರು ಸೇದುವುದು ನನ್ನ ಕೆಲಸ. ಆ ಬೆಳಗುಗಳ ವಾಸನೆ ಈಗಲೂ ನೆನಪಿದೆ. ಒದ್ದೆ ಎರೆಮಣ್ಣು, ಬಚ್ಚಲ ಒಲೆಯ ಹೊಗೆ, ಅವ್ವ ಬಡಿಯುತ್ತಿದ್ದ ಜೋಳದ ರೊಟ್ಟಿ. ಕೆಲಸ ಮುಗಿದ ಮೇಲೆ ಬಿಸಿ ರೊಟ್ಟಿಗೆ ಶೇಂಗಾ ಹಿಂಡಿ ಸವರಿ ಅವ್ವ ನಮ್ಮಿಬ್ಬರಿಗೂ ಕೊಡುತ್ತಿದ್ದಳು. ನನಗೆ ಅಡುಗೆಮನೆಯಲ್ಲಿ, ಬೀಜದವ್ವನಿಗೆ ಬಾವಿಕಟ್ಟೆಯ ಮೇಲೆ. ನಾನು ನನ್ನ ರೊಟ್ಟಿ ತೆಗೆದುಕೊಂಡು ಬಾವಿಕಟ್ಟೆಗೇ ಹೋಗುತ್ತಿದ್ದೆ. ಅಂದರೆ ನನಗೆ ಆಕೆಯ ಮೇಲೆ ಪ್ರೀತಿ ಇರಲಿಲ್ಲವೆಂದಲ್ಲ. ಅದನ್ನೂ ಹೇಳಬೇಕು.

ಸಂಕ್ರಾಂತಿಗೆ ಒಂದು ವಾರ ಮುಂಚೆ ಮೊದಲ ಹೂ ಬಿಟ್ಟಿತು. ತಿಳಿ ಗುಲಾಬಿ. ಮರುದಿನ ನೇರಳೆ, ಆಮೇಲೆ ಬಿಳಿ. ಒಂದೊಂದು ಕಡ್ಡಿಯಲ್ಲಿ ಮೂರು ನಾಲ್ಕು ಹೂ, ಚಿಟ್ಟೆ ಕೂತ ಹಾಗೆ. ಪರಿಮಳ ಮಲ್ಲಿಗೆಯಂತೆ ಮೇಲೆ ಬೀಳುವುದಲ್ಲ. ಜೇನುತುಪ್ಪದ ಹತ್ತಿರ ಕಿತ್ತಳೆ ಸಿಪ್ಪೆ ಸುಲಿದಂತೆ, ತಣ್ಣಗೆ ಬಂದು ಹೋಗುತ್ತಿತ್ತು. ಅವ್ವ ಸೊಂಟದ ಮೇಲೆ ಕೈಯಿಟ್ಟು ನೋಡಿದಳು.

"ತಲಿಗೆ ಮುಡಿಯಾಕ ಬರಲ್ಲ, ದೇವರಿಗೆ ಏರಸಾಕ ಬರಲ್ಲ, ಪಲ್ಯ ಮಾಡಾಕನೂ ಬರಲ್ಲ. ಎಂತಾ ಹೂವು ತಂದಿ ಯವ್ವಾ ಇದು!"

"ನೋಡಾಕ ಬರ್ತತಲ್ರಿ ಅಮ್ಮಾ" ಎಂದಳು ಬೀಜದವ್ವ. "ಮುಡೀಬಾರದು ಅನ್ನೋ ಹೂವು ನನಗ ಚೊಲೊ ಆತು ಬಿಡ್ರಿ. ನನಗೂ ಅದಕ್ಕೂ ಲೆಕ್ಕ ಸರಿ."

ಇಬ್ಬರೂ ನಕ್ಕರು. ಆಕೆ ನಕ್ಕದ್ದನ್ನು ನಾನು ನೋಡಿದ್ದು ಕಡಿಮೆ.

ಸಾಹೇಬರ ಹೆಂಡತಿ ಹಬ್ಬಕ್ಕೆ ತೌರಿಗೆ ಹೋಗಿದ್ದರು. ಶಿವರಾತ್ರಿಗೆ ಎರಡು ದಿನ ಮುಂಚೆ ಬರುವವರು. ಅಲ್ಲಿಯವರೆಗೆ ಬಳ್ಳಿ ಹೂ ಬಿಡುತ್ತಿರಬೇಕು. ಬಿಸಿಲು ಏರುವ ಕಾಲ ಅದು.

"ಅಲ್ಲೀತನಕ ಹೆಂಗೋ ತಳ್ಳತೀನಿ" ಎಂದಳು ಬೀಜದವ್ವ. "ಒಂದಽ ಮಾತು. ದಿನಾ ಸಂಜಿಮುಂದ ಬಿಟ್ಟ ಹೂವೆಲ್ಲ ತೊಟ್ಟು ಸಮೇತ ಕೀಳಬೇಕು. ಒಂದೂ ಕಾಯಿ ಕಟ್ಟಬಾರದು. ಕಾಯಿ ಕಟ್ಟಿತು ಅಂದ್ರ ಬಳ್ಳಿಗೆ ತನ್ನ ಸಂಸಾರ ಮುಗೀತು ಅನಸ್ತತಿ. ಆಮ್ಯಾಲೆ ಎಷ್ಟು ನೀರು ಹಾಕು, ಎಷ್ಟು ಕಾಲಿಗೆ ಬೀಳು, ಹೂ ಬಿಡಲ್ಲ."

ಸಂಕ್ರಾಂತಿಯ ಮರುದಿನ ರಾರಾವಿಯಿಂದ ಸುದ್ದಿ ಬಂತು. ಆಕೆಯ ತಮ್ಮ ತೀರಿಕೊಂಡಿದ್ದ. ತಮ್ಮನ ಹೆಂಡತಿ ತುಂಬಿದ ಬಸುರಿ, ಗದ್ದೆಯಲ್ಲಿ ಬತ್ತ ನಿಂತಿತ್ತು. ಹೋದರೆ ತಿಂಗಳ ಮಾತು. ಆಕೆ ಗಂಟು ಕಟ್ಟಿಕೊಂಡು ಹಿತ್ತಲಿಗೆ ಬಂದು ಬಳ್ಳಿಗಳ ಮುಂದೆ ನಿಂತಳು. ಆಮೇಲೆ ನನ್ನ ಎರಡೂ ಕೈ ಹಿಡಿದುಕೊಂಡಳು.

"ನಿನ್ನ ಕೈಗೆ ಕೊಟ್ಟು ಹೋಗ್ತೀನಿ ನಾಯನಾ. ನೀರು ಒಂದಿನ ತಪ್ಪಿದ್ರೂ ನಡೀತತಿ. ಹೂ ಕೀಳೋದು ತಪ್ಪಬಾರದು. ನೆಪ್ಪಿರ್ತತೇನು?"

"ಇರ್ತತಿ."

"ನನ್ನ ಕೋಣಿ ನಿನ್ನ ಕೈಯಾಗ ಐತಿ ಮತ್ತ" ಎಂದು ಕೆನ್ನೆ ಚಿವುಟಿದಳು.

ಮೊದಲ ವಾರ ತಪ್ಪಲಿಲ್ಲ. ದಿನವೂ ಒಂದು ಬೊಗಸೆ ಹೂ. ಬಿಸಾಡಲು ಮನಸ್ಸಾಗದೆ ನಾನು ಅವನ್ನು ಬೀದಿಯ ಮನೆಗಳಿಗೆ ಹಂಚಿ ಬರುತ್ತಿದ್ದೆ. ಬೀದಿಯ ಮೂಲೆಯಲ್ಲಿ ಹುಡುಗರು ಗೋಲಿ ಆಡುತ್ತಿದ್ದರು. ಅವರಲ್ಲಿ ರುದ್ರ ಅಂತ ಒಬ್ಬ, ನನಗಿಂತ ಎರಡು ವರ್ಷ ದೊಡ್ಡವನು. ಅವನ ಗುಂಪಿಗೆ ಸೇರಬೇಕೆಂದು ನನಗೆ ಎಷ್ಟೋ ದಿನದ ಆಸೆ.

"ಏ ಹೂವಾಡಗಿತ್ತಿ ಬಂದ್ಳಪ್ಪೋ!" ಎಂದು ಅವನು ಒಂದು ಸಂಜೆ ಕೂಗಿದ. "ಮೊಳ ಹೆಂಗಬೇ ತಂಗೆವ್ವಾ? ಕುಪ್ಪಸ ಎಲ್ಲಿ ಬಿಟ್ಟು ಬಂದಿ?"

ಎಲ್ಲರೂ ಬಿದ್ದು ಬಿದ್ದು ನಕ್ಕರು. ಮರುದಿನ ನಾನು ಶಾಲೆಯಿಂದ ಬಂದಾಗ ಕಟ್ಟೆಯ ಮೇಲೆ ಬೇವಿನ ಕಡ್ಡಿಗೆ ಹರಿದ ಬಟ್ಟೆ ಸುತ್ತಿ, ಹೂ ಮುಡಿಸಿ ನಿಲ್ಲಿಸಿದ್ದರು. ನನ್ನ ಬೊಂಬೆ ಅಂತೆ.

ಅದೇ ದಿನ ಕುರುಗೋಡಿನಿಂದ ತಾತ ಬಂದ. ಅವ್ವನ ತಂದೆ. ಚಿಕ್ಕಮ್ಮನ ಬಾಣಂತನಕ್ಕೆ ಅವ್ವನನ್ನು ಕರೆದುಕೊಂಡು ಹೋಗಲು ಬಂದಿದ್ದ. ಸಂಜೆ ನಾನು ಅಳುತ್ತಾ ಹೂ ಕೀಳುವುದನ್ನು ಅವನು ನೋಡಿದ.

"ಲೇ ಪಂಪಾ, ಏನಲೇ ಮಾಡಾಕತ್ತಿ? ಕಾಯಾಗೋ ಹೂವು ಕೀಳ್ತಾರೇನಲೇ? ಕಡ್ಲಿ ಕುಡಿ ಚಿವುಟಬೇಕು, ಹೂವಿಗೆ ಕೈ ಹಚ್ಚಬಾರದು. ಪಾಪ ಬರ್ತತಿ."

"ಬೀಜದವ್ವ ಹೇಳ್ಯಾಳ ತಾತ."

"ಅಕಿಗೇನು ಗೊತ್ತು? ಬಂಗಲೇದಾಗ ದೊರಿ ಹೂವಿಗೆ ನೀರು ಹಾಕಿದಾಕಿ. ನಾನು ಹುಟ್ಟಿದಾಗಿಂದ ಎರಿಹೊಲ ಮಾಡೀನಿ. ಬಿಡು, ಕಾಯಿ ಕಟ್ಟಲಿ."

ತಾತನಿಗೆ ಗೊತ್ತಿದ್ದದ್ದು ಹೊಟ್ಟೆಗೆ ಬೆಳೆಯುವ ಕಾಳು. ಕಾಯಿಯೇ ಬೇಡದ ಬಟಾಣಿಯನ್ನು ಅವನು ಕಂಡೇ ಇರಲಿಲ್ಲ. ಅವನ ತಪ್ಪಿಲ್ಲ. ನನಗೆ ಮಾತ್ರ ಎರಡೂ ಗೊತ್ತಿತ್ತು. ಬೀಜದವ್ವ ಹೇಳಿದ್ದು ಸರಿ, ತಾತ ಹೇಳಿದ್ದು ಈ ಬಳ್ಳಿಗೆ ಸಲ್ಲುವುದಿಲ್ಲ ಎಂದು ಚೆನ್ನಾಗಿ ಗೊತ್ತಿತ್ತು. ಆದರೂ ಕೈಯಲ್ಲಿದ್ದ ಹೂ ನೆಲಕ್ಕೆ ಹಾಕಿದೆ. ತಾತ ಹೇಳಿದ ಎನ್ನುವ ಮಾತು ಸಿಕ್ಕಿತಲ್ಲ, ಅಷ್ಟು ಸಾಕಾಗಿತ್ತು.

ಅವ್ವ ತಾತನ ಜೊತೆ ಕುರುಗೋಡಿಗೆ ಹೋದಳು. ಅಪ್ಪ ಬೆಳಿಗ್ಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದ. ನಾನು ನೀರು ಹಾಕಿದೆ, ಹೂ ಕೀಳಲಿಲ್ಲ. ಸಂಜೆ ರುದ್ರನ ಗುಂಪಿನಲ್ಲಿ ಗೋಲಿ ಆಡಿದೆ. ಅವರು ನನ್ನನ್ನು ಸೇರಿಸಿಕೊಂಡರು. ಅಂಥ ಸುಖದ ಸಂಜೆಗಳು ನನಗೆ ಮತ್ತೆ ಬರಲಿಲ್ಲ ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೆ ಅದು ನಿಜ.

ಹೂ ಬಾಡಿ, ಅದರ ಹೊಟ್ಟೆಯಿಂದ ಚಪ್ಪಟೆ ಕಾಯಿ ಇಳಿದವು. ಮೈಮೇಲೆ ನವಿರಾದ ರೋಮ. ಮೊದಲು ಹತ್ತು, ಆಮೇಲೆ ಎಣಿಸಲಾಗದಷ್ಟು. ಮೇಲಿನ ಮೊಗ್ಗು ಸಣ್ಣದಾಗಿ, ಹಳದಿಯಾಗಿ, ಉದುರತೊಡಗಿತು. ಎರಡು ವಾರ ಕಳೆದ ಮೇಲೆ ಹೊಸ ಹೂವೇ ಇಲ್ಲ. ನಾನು ನೋಡಿಯೂ ಆ ಕಡೆ ನೋಡುತ್ತಿರಲಿಲ್ಲ. ಬುಡದ ಕಾಯಿಗಳು ಕಂದಾಗಿ ಒಣಗತೊಡಗಿದ್ದವು.

ತಿಂಗಳು ದಾಟಿದ ಮೇಲೆ ಸಿರುಗುಪ್ಪದ ಗಾಡಿಯವನೊಬ್ಬ ಬಾಗಿಲಿಗೆ ಬಂದು ಕೂಗಿದ. "ನಿಮ್ಮ ಬೀಜದವ್ವ ನಾಳೆ ಬರ್ತಾಳಂತ. ಹೂವು ಹೆಂಗ ಅದಾವು ಅಂತ ಕೇಳ್ಯಾಳ."

ಅಪ್ಪ ಕಚೇರಿಯಲ್ಲಿದ್ದ. ನಾನು ಬಾಗಿಲು ಹಾಕಿಕೊಂಡು ಹಿತ್ತಲಿಗೆ ಓಡಿದೆ. ಒಂದೊಂದು ಕಾಯಿಯನ್ನೂ ತೊಟ್ಟು ಸಮೇತ ಕಿತ್ತೆ, ಹೂ ಕೀಳಲು ಆಕೆ ಕಲಿಸಿದ ಹಾಗೆಯೇ, ಬಳ್ಳಿಗೆ ಗಾಯವಾಗದಂತೆ, ಬುಡದಿಂದ. ಅವ್ವನ ಮೊರದ ತುಂಬ ಆಯಿತು. ಬಚ್ಚಲ ನೀರು ಹರಿದು ಹೋಗುವ ಕಡೆ, ಗೋಡೆಯ ಮೂಲೆಯಲ್ಲಿ ಗುಂಡಿ ತೋಡಿ ಹೂತು, ಮೇಲೆ ಬೂದಿ ಸುರಿದೆ. ಕೈ ತೊಳೆದುಕೊಂಡೆ. ತಿರುಗಿ ನೋಡಿದಾಗ ಹೂವೂ ಇಲ್ಲದ ಕಾಯಿಯೂ ಇಲ್ಲದ ಹಸಿರು ಬಳ್ಳಿಗಳು ಹುರಿ ಹಿಡಿದು ನಿಂತಿದ್ದವು.

ಮರುದಿನ ಮಧ್ಯಾಹ್ನ ಆಕೆ ಬಂದಳು. ತಗಡಿನ ಗುಡಿಸಲಿಗೂ ಹೋಗದೆ, ತಲೆಯ ಮೇಲಿನ ಗಂಟು ಸಮೇತ ನೇರ ನಮ್ಮ ಹಿತ್ತಲಿಗೆ. ಗಂಟಿನಿಂದ ಒಂದು ಪುಟ್ಟ ಚೀಲ ತೆಗೆದು, "ಹೊಸ ಬತ್ತದ ಅವಲಕ್ಕಿ. ನಿನಗಂತ ಕುಟ್ಟಿಸೀನಿ" ಎಂದು ನನ್ನ ಕೈಗೆ ಕೊಟ್ಟಳು. ಆಮೇಲೆ ಬಳ್ಳಿ ನೋಡಿದಳು.

ಬಳ್ಳಿಯ ಹತ್ತಿರ ಕುಕ್ಕರುಗಾಲಲ್ಲಿ ಕೂತು, ಎಲೆ ಮಗುಚಿ ನೋಡಿದಳು. ಬುಡದ ಮಣ್ಣು ಹಿಸುಕಿ ನೋಡಿದಳು. ಮಣ್ಣು ತಂಪಾಗಿತ್ತು.

"ನೀರು ಬರೋಬ್ಬರಿ ಹಾಕೀಯ" ಎಂದಳು. "ಹೂವು ದಿನಾ ಕಿತ್ತಿ ಹೌದಿಲ್ಲೋ?"

"ಹೂಂ."

"ದಿನಾ?"

"ದಿನಾ ಕಿತ್ತೀನಿ ಬೀಜದವ್ವಾ. ತಾನಽ ನಿಂತು ಹೋದ್ವು."

ಆಕೆ ನನ್ನ ಮುಖ ನೋಡಿದಳು. ನಾನು ಅವಲಕ್ಕಿಯ ಚೀಲ ನೋಡುತ್ತಿದ್ದೆ. ಆಮೇಲೆ ಆಕೆ ತನ್ನ ಎರಡೂ ಅಂಗೈಗಳನ್ನು ಮೇಲೆ ಮಾಡಿ, ಯಾರದೋ ಕೈ ನೋಡುವ ಹಾಗೆ ನೋಡಿಕೊಂಡಳು.

"ತಮ್ಮಗ ಮಣ್ಣು ಹಾಕಿ ಬಂದೀನಿ. ಅದಕ್ಕಽ ಏನೋ" ಎಂದಳು. ಆ ಮಾತನ್ನು ನನಗೆ ಹೇಳಲಿಲ್ಲ, ಕೈಗೆ ಹೇಳಿದಳು.

ಉಳಿದ ದಿನಗಳಲ್ಲಿ ಆಕೆ ಮಾಡದ್ದಿಲ್ಲ. ಮಜ್ಜಿಗೆ ನೀರು ಹಾಕಿದಳು, ಬೇವಿನ ಹಿಂಡಿ ಹಾಕಿದಳು, ಗೋಣಿತಟ್ಟು ಕಟ್ಟಿ ನೆರಳು ಮಾಡಿದಳು. ಆದರೆ ಬಿಸಿಲು ಬಂದಿತ್ತು. ಸಾಹೇಬರ ಹೆಂಡತಿ ಜಟಕಾ ಇಳಿದು ನಮ್ಮ ಹಿತ್ತಲಿಗೆ ಬಂದ ದಿನ ಬಳ್ಳಿಗಳು ಕೆಳಗಿನಿಂದ ಹಳದಿಯಾಗಿದ್ದವು. ಒಳ್ಳೆಯ ಹೆಂಗಸು ಅವರು. ಬೈಯಲಿಲ್ಲ. "ಪಾಪಂ, ಈ ಬಿಸಿಲಿಗೆ ಅದು ಎಲ್ಲಿ ಬರುತ್ತೆ ಬಿಡಿ" ಎಂದರು. ಅಪ್ಪ ಪೇಟ ಸರಿಮಾಡಿಕೊಳ್ಳುತ್ತ, "ಮೊನ್ನೆಮೊನ್ನೆ ತನಕ ಬಂದಿದ್ವು ಮೇಡಂ" ಎಂದ. ಅವರು ಮುಗುಳ್ನಕ್ಕರು. ಹಿಂದಿನ ಊರಿನ ಆ ಮೋಸಗಾರ ಮಾಲಿಯ ಕಥೆ ಅವರಿಗೆ ನೆನಪಾಗಿರಬೇಕು. ಬೀಜದವ್ವ ಬಾವಿಕಟ್ಟೆಯ ಹಿಂದೆ ನಿಂತಿದ್ದಳು. ಅವರು ಆಕೆಯನ್ನು ನೋಡಲೂ ಇಲ್ಲ.

ಕೋಣೆಯನ್ನು ಬೇರೆಯವರಿಗೆ ಕೊಟ್ಟರು. ಆಕೆ ಅದಕ್ಕೆ ಅಳಲಿಲ್ಲ. ಆದರೆ ಮುಂಗಾರಿನಲ್ಲಿ ಮೊದಲ ಮಳೆ ಬಿದ್ದಾಗ ಎದುರುಮನೆಯವರು ಹಿತ್ತಲ ಬಾಗಿಲು ತೆಗೆದು ಕೂಗಿದರೆ, "ಒಲ್ಲೆ ತಾಯಿ, ನನ್ನ ಕೈ ಕೆಟ್ಟತಿ. ನಿಮ್ಮ ಬೀಜ ಯಾಕ ಹಾಳು ಮಾಡ್ಲಿ" ಎಂದಳು. ಮೊದಲು ಬಿಂಕ ಎಂದುಕೊಂಡರು. ಎರಡು ಸಲ, ಮೂರು ಸಲ ಕರೆದರು. ಆಮೇಲೆ ಆಕೆ ಹೇಳಿದ್ದನ್ನೇ ನಂಬಿದರು. ಆಕೆಯ ಕೈ ಕೆಟ್ಟಿದೆಯಂತೆ ಎಂದು ಬಾವಿಕಟ್ಟೆಗಳಲ್ಲಿ ಮಾತಾಯಿತು. ಬೆಳಿಗ್ಗೆ ಬೋಣಿಗೆ ಆಕೆಯ ಹತ್ತಿರ ಸೊಪ್ಪು ಕೊಳ್ಳುವುದನ್ನೂ ಕೆಲವರು ಬಿಟ್ಟರು.

ಒಂದು ದಿನ ನಾನು ಶಾಲೆಗೆ ಹೋಗುವಾಗ ಕರೆದು ಆ ಬಿಸ್ಕತ್ತಿನ ಡಬ್ಬಿ ಕೊಟ್ಟಳು. ತಳದಲ್ಲಿ ಒಂದು ಹಿಡಿ ಬೀಜ ಉಳಿದಿತ್ತು.

"ಇವು ನೀ ಹಾಕು ನಾಯನಾ. ನಿನ್ನ ಕೈ ಚೊಲೊ ಐತಿ. ಒಂದಿನ ತಪ್ಪಲಾರದಂಗ ನೋಡಿಕೊಂಡಿ ನೀನು."

ನಾನು ಇಸಿದುಕೊಂಡೆ.

ಇಲ್ಲಿಗೆ ಮುಗಿದಿದ್ದರೆ ಹುಡುಗುತನ ಎಂದು ನನ್ನನ್ನು ನಾನು ಕ್ಷಮಿಸಿಕೊಳ್ಳುತ್ತಿದ್ದೆನೇನೋ. ಮುಗಿಯಲಿಲ್ಲ.

ಮರುವರ್ಷ ಕಾರ್ತಿಕ ಕಳೆದ ಮೇಲೆ, ಒಂದು ಬೆಳಿಗ್ಗೆ ಅವ್ವ ಬಚ್ಚಲ ಹಿಂದಿನಿಂದ ಕೂಗಿದಳು. "ಪಂಪಾ, ಬಾ ಇಲ್ಲಿ! ಇದು ಬೀಜದವ್ವನ ಬಳ್ಳಿ ಅಲ್ಲೇನಲೇ?"

ಬೂದಿಯ ನಡುವಿನಿಂದ ಒಂದೇ ಒಂದು ಸಸಿ ಎದ್ದಿತ್ತು. ಗೇಣುದ್ದ. ತುದಿಯಲ್ಲಿ ಸುರುಳಿ ಎಳೆ, ಹಿಡಿಯಲು ಏನಾದರೂ ಸಿಗುತ್ತದೆಯೇ ಎಂದು ಗಾಳಿಯಲ್ಲಿ ಚಾಚಿತ್ತು.

"ಇಲ್ಲಿ ಹೆಂಗ ಹುಟ್ಟಿತು? ಓಡು, ಅಕಿನ್ನ ಕರಕೊಂಡು ಬಾ. ತನ್ನ ಬೀಜ ಸತ್ತಿಲ್ಲ ಅಂತ ನೋಡ್ಲಿ, ಪಾಪ."

ಓಡಿದೆ. ಬೀದಿಯ ಕೊನೆಯವರೆಗೆ ಓಡಿದೆ. ಆಕೆ ತಗಡಿನ ನೆರಳಲ್ಲಿ ಕೂತು ಸೊಪ್ಪು ಕಟ್ಟುತ್ತಿದ್ದಳು. ನನ್ನನ್ನು ನೋಡಿ ಕೈ ಎತ್ತಿದಳು. ಆಕೆ ಬಂದರೆ ಬೂದಿ ಕೆದಕುತ್ತಾಳೆ. ಕೆದಕಿದರೆ ಒಣಗಿದ ಕಾಯಿಸಿಪ್ಪೆ ಸಿಗುತ್ತದೆ. ಸಿಕ್ಕರೆ ಎಲ್ಲ ತಿಳಿಯುತ್ತದೆ. ಆಕೆಗೆ ತನ್ನ ಕೈ ವಾಪಸು ಸಿಗುತ್ತದೆ ಎಂಬುದೂ ನನಗೆ ಆಗ ಹೊಳೆದಿತ್ತು. ಹೊಳೆಯಲಿಲ್ಲ ಎಂದು ಹೇಳಲಾರೆ.

"ಏನು ನಾಯನಾ?" ಎಂದಳು.

"ಏನಿಲ್ಲ. ಆಡಾಕ ಹೊಂಟೀನಿ" ಎಂದೆ.

ಮನೆಗೆ ಬಂದು, ಆಕೆ ಇಲ್ಲ, ಸೊಪ್ಪು ಮಾರಲು ಹೋಗಿದ್ದಾಳೆ ಎಂದೆ. ಸಂಜೆ ಅವ್ವ ಒಲೆಯ ಮುಂದೆ ಇದ್ದಾಗ ಹೋಗಿ ಸಸಿಯನ್ನು ಬೇರು ಸಮೇತ ಕಿತ್ತೆ. ಬೇರಿಗೆ ಅಂಟಿಕೊಂಡ ಬೀಜದ ಸಿಪ್ಪೆ ಇನ್ನೂ ಹಾಗೇ ಇತ್ತು. ಅಳಿಲು ತಿಂದಿರಬೇಕು ಎಂದು ಅವ್ವನಿಗೆ ಹೇಳಿದೆ.

ಆ ಬೇಸಿಗೆಯಲ್ಲಿ ಬೀಜದವ್ವ ಬಳ್ಳಾರಿ ಬಿಟ್ಟಳು. ಹೋಗುವಾಗ ನಮ್ಮ ಮುಂಬಾಗಿಲಿಗೆ ಬಂದು ಅವ್ವನಿಗೆ ಹೇಳಿ ಹೋದಳು. ನಾನು ಕಟ್ಟೆಯ ಆಚೆ ಮರೆಯಲ್ಲಿದ್ದೆ.

ಎಸ್ಸೆಸ್ಸೆಲ್ಸಿ ಮುಗಿಸಿ ನಾನು ಹತ್ತಿ ಗಿರಣಿಯೊಂದರಲ್ಲಿ ಗುಮಾಸ್ತನಾದೆ. ಕೆಲಸದ ಮೇಲೆ ಸಿರುಗುಪ್ಪಕ್ಕೆ ಹೋಗುತ್ತಿದ್ದೆ. ಅಲ್ಲಿಂದ ರಾರಾವಿ ದೂರವಿಲ್ಲ. ಎಷ್ಟೋ ಸಲ ಆ ಕಡೆಯ ಬಸ್ಸು ನನ್ನೆದುರೇ ನಿಂತು ಹೊರಟು ಹೋಗಿದೆ. ನಾನು ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿಂದು ಬಳ್ಳಾರಿಯ ಬಸ್ಸು ಹತ್ತಿ ಬಂದಿದ್ದೇನೆ. ಕೊನೆಗೊಮ್ಮೆ ಹೋದೆ. ನನಗೆ ಆಗ ಇಬ್ಬರು ಮಕ್ಕಳು. ಬಳ್ಳಾರಿಯಲ್ಲಿದ್ದ ಮಾಲಿಯ ಹೆಂಡತಿ ಎಂದು ಕೇಳಿದಾಗ ಒಬ್ಬ ಯುವಕನ ಮನೆ ತೋರಿಸಿದರು. ಆ ವರ್ಷ ಬಸುರಿಯ ಹೊಟ್ಟೆಯಲ್ಲಿದ್ದ ಮಗು ಅವನು. ಮಜ್ಜಿಗೆ ಕೊಟ್ಟ.

"ಅತ್ತಿ ತೀರಿಹೋಗಿ ಎರಡು ವರ್ಷಾತ್ರಿ" ಎಂದ. "ಎಲ್ಲಾ ಕೆಲಸ ಮಾಡ್ತಿದ್ಳು, ಬೀಜ ಮಾತ್ರ ಮುಟ್ತಿದ್ದಿಲ್ಲ. ನಾವು ಸಸಿಮಡಿಗೆ ಬತ್ತ ಚೆಲ್ಲೋ ದಿನ ದೂರ ಹೋಗಿ ಬದುವಿನ ಮ್ಯಾಲೆ ಕುಂದರ್ತಿದ್ಳು. ನನ್ನ ನೆಳ್ಳು ಬೀಳಬಾರದು ಅಂತಿದ್ಳು. ಬಳ್ಳಾರ್ಯಾಗ ಏನೋ ಆಗಿತ್ತಂತ. ನಿಮಗೇನಾರ ಗೊತ್ತೈತೇನ್ರಿ?"

"ಇಲ್ಲ" ಎಂದೆ. ಮಜ್ಜಿಗೆ ಕುಡಿದು ಲೋಟ ಕೆಳಗಿಟ್ಟು ಬಂದೆ.

ಆಕೆಗೆ ನಿಜ ಗೊತ್ತಾಗಿತ್ತು, ಹುಡುಗ ಎಂದು ನನ್ನನ್ನು ಬಿಟ್ಟಳು ಎಂದು ಎಷ್ಟೋ ವರ್ಷ ಅಂದುಕೊಳ್ಳಲು ನೋಡಿದೆ. ಬದುವಿನ ಮೇಲೆ ದೂರ ಕೂತವಳನ್ನು ನೆನೆದರೆ ಅದು ನಿಲ್ಲುವುದಿಲ್ಲ. ಗೊತ್ತಿದ್ದರೆ ಆಕೆ ಹಾಗೆ ಕೂರುತ್ತಿರಲಿಲ್ಲ.

ಈಗ ಆ ಹಿತ್ತಲಿಲ್ಲ. ಬಾವಿ ಮುಚ್ಚಿ, ಗೋಡೆಯಿಂದ ಗೋಡೆಗೆ ಸಿಮೆಂಟು ಹಾಕಿ, ಮೂರು ಮನೆ ಕಟ್ಟಿ ಬಾಡಿಗೆಗೆ ಕೊಟ್ಟಿದ್ದಾರೆ. ಹಿತ್ತಲ ಬಾಗಿಲು ತೆಗೆದು ಯಾರನ್ನಾದರೂ ಕರೆಯುವುದೂ ಇಲ್ಲ, ಮೊದಲ ಬೀಜಕ್ಕೆ ಒಬ್ಬರ ಕೈ ಬೇಕು ಎನ್ನುವವರೂ ಇಲ್ಲ. ಸ್ವೀಟ್ ಪೀ ಬೀಜ ಈಗ ಬಣ್ಣದ ಚಿತ್ರವಿರುವ ಪೊಟ್ಟಣದಲ್ಲಿ ಸಿಗುತ್ತದೆ. ಚಳಿ ಬಂದಾಗ ಕೆಲವು ಸಲ ತಂದಿದ್ದೇನೆ. ಕಲ್ಲಿಗೆ ಉಜ್ಜಿ, ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು, ಬೆಳಿಗ್ಗೆ ಮುಷ್ಟಿಯಲ್ಲಿ ಹಿಡಿದು ಕೂತಿದ್ದೇನೆ. ಮಣ್ಣಿಗೆ ಹಾಕಲು ಆಗಿಲ್ಲ. ಆ ಬಿಸ್ಕತ್ತಿನ ಡಬ್ಬಿ ನನ್ನ ಹತ್ತಿರವೇ ಇದೆ. ತುಕ್ಕು ಹಿಡಿದು ಮುಚ್ಚಳ ಕೂತುಬಿಟ್ಟಿದೆ. ಅಲ್ಲಾಡಿಸಿದರೆ ಒಳಗೆ ಬೀಜ ಸದ್ದು ಮಾಡುತ್ತವೆ.

ನಿನ್ನ ಕೈ ಕೆಟ್ಟಿರಲಿಲ್ಲ. ಕಾಯಿ ಕಟ್ಟಲು ಬಿಟ್ಟವನು ನಾನು, ಕಿತ್ತು ಹೂತವನು ನಾನು. ನಾನು ಹೂತದ್ದೂ ನಿನ್ನ ಬೀಜವಾದ್ದರಿಂದ ಬೂದಿಯಲ್ಲಿ ಹುಟ್ಟಿತು. ಅದನ್ನೂ ಕಿತ್ತೆ. ಈ ನಾಲ್ಕು ಮಾತು ಹೇಳಲು ಬೀದಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದರೆ ಸಾಕಿತ್ತು.

ನಮ್ಮ ಬೀದಿಯಲ್ಲಿ ಆಕೆಯ ಹೆಸರು ಯಾರಿಗೂ ಗೊತ್ತಿರಲಿಲ್ಲ. ಕೇಳಿದವರೂ ಇರಲಿಲ್ಲ, ನಾನೂ ಕೇಳಿರಲಿಲ್ಲ. ರಾರಾವಿಯಲ್ಲಿ ಆ ಹುಡುಗ ಹೇಳಿದ ಮೇಲೆ ನನಗೆ ತಿಳಿದದ್ದು. ಅಂದಿನಿಂದ ಅದನ್ನು ಬಾಯಿಬಿಟ್ಟು ಒಮ್ಮೆಯೂ ಅಂದಿಲ್ಲ. ಇವತ್ತು ಬರೆಯುತ್ತೇನೆ.

ಸುಂಕಮ್ಮ.